ಹತ್ತೊಂಬತ್ತು ನಾಲಿಗೆಗಳ ಮನೆ

ಆ ಚಳಿಗಾಲ ಕೋಬಿಯ, ಅಂದರೆ ಎಲೆಕೋಸಿನ, ದರ ಬಿದ್ದುಹೋಗಿತ್ತು. ಪೇಟೆಗೆ ಒಯ್ದರೆ ಗಾಡಿಯ ಬಾಡಿಗೆಯೂ ಹುಟ್ಟುವುದಿಲ್ಲವೆಂದು ಪಾಲಬಾವಿಯ ವಿರುಪಾಕ್ಷಪ್ಪ ತನ್ನ ಎರಡು ಎಕರೆ ಕೋಬಿಯಲ್ಲಿ ಅರ್ಧವನ್ನು ದನಗಳಿಗೆ ಹಾಕಿಸಿದ, ಉಳಿದರ್ಧವನ್ನು ಮನೆಗೆ ತರಿಸಿದ. ಹೀಗಾಗಿ ೧೯೮೮ರ ಡಿಸೆಂಬರಿನಲ್ಲಿ ಆ ಮನೆಯ ಹತ್ತೊಂಬತ್ತು ಮಂದಿ ಇಪ್ಪತ್ತಮೂರು ದಿನ ಬಿಡದೆ ಕೋಬಿ ಉಂಡರು. ಕೋಬಿಯ ಪಲ್ಲೆ, ಕೋಬಿ ಹಾಕಿದ ಬ್ಯಾಳಿ, ಹಸಿ ಕೋಬಿಯ ಪಚಡಿ. ಹದಿನೇಳು ಮಂದಿಗೆ ಬೇಸರ ಬಂದಿತ್ತು, ಅಷ್ಟೆ. ಉಳಿದಿಬ್ಬರಿಗೆ ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಒಬ್ಬಳು ಕಿರಿಯ ಸೊಸೆ ಗೌರಾಬಾಯಿ, ಇನ್ನೊಬ್ಬಳು ಅವಳ ಎಂಟು ವರ್ಷದ ಮಗಳು ಕೆಂಚವ್ವ.

ಇಪ್ಪತ್ತನಾಲ್ಕನೆಯ ದಿನ ಮಧ್ಯಾಹ್ನ ಅಜ್ಜಿ ರುಕ್ಮವ್ವ ಮೊಮ್ಮಗಳನ್ನು ತೊಡೆಗಳ ನಡುವೆ ಅವುಚಿ ಕೂಡಿಸಿಕೊಂಡು, ಎಡಗೈಯಿಂದ ಮೂಗು ಒತ್ತಿ ಹಿಡಿದಳು. ಉಸಿರಿಗೆಂದು ಬಾಯಿ ತೆರೆದದ್ದೇ ತಡ, ರೊಟ್ಟಿಯಲ್ಲಿ ಸುತ್ತಿದ ತುತ್ತನ್ನು ತುರುಕಿದಳು. ಹುಡುಗಿ ಅಜ್ಜಿಯ ಬೆರಳನ್ನೇ ಕಚ್ಚಿದಳು. ಆಮೇಲೆ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಅಜ್ಜಿಯ ಇಳಕಲ್ ಸೀರೆಯ ಮೇಲೆ ಕಾರಿಕೊಂಡಳು.

ಒಲೆಯ ಮುಂದಿದ್ದ ಗೌರಾಬಾಯಿ ಎದ್ದು ಬಂದು ಮಗಳನ್ನು ಎಳೆದುಕೊಂಡಳು. ಅತ್ತೆ ಬೈಯಲಿಲ್ಲ. ಸೀರೆ ಒರೆಸಿಕೊಳ್ಳುತ್ತ, ಪಂಕ್ತಿಯಲ್ಲಿ ಕೂತಿದ್ದ ಐದು ವರ್ಷದ ಮೊಮ್ಮಗ ಭೀಮಸಿಯ ಕಡೆ ಕೈ ತೋರಿಸಿದಳು. ಅವನು ಎರಡನೆಯ ಸಲ ಪಲ್ಲೆ ಹಾಕಿಸಿಕೊಂಡು ಉಣ್ಣುತ್ತಿದ್ದ.

"ಅಂವಾ ನಿನ್ನ ಹೊಟ್ಟ್ಯಾಗ ಹುಟ್ಟಿದವನ. ಇಕಿನೂ ನಿನ್ನ ಹೊಟ್ಟ್ಯಾಗ ಹುಟ್ಟಿದಾಕಿನ. ಒಂದ ಗಂಗಾಳದಾಗಿನ ಪಲ್ಲೆ ಅಂವಗ ರುಚಿ, ಇಕಿಗಿ ವಿಷ. ನಾಟಕ ಕಲಿಸಿದವ್ರು ಯಾರು?"

ಗೌರಾಬಾಯಿ ಮಗಳ ಬಾಯಿ ತೊಳೆಸಿದಳು. ಕೋಬಿ ಕಹಿ ಎಂಬುದಷ್ಟೇ ಅವಳಿಗೆ ಗೊತ್ತಿತ್ತು.

ಆ ಮನೆಗೆ ಅವಳು ಹತ್ತು ವರ್ಷದ ಹಿಂದೆ ನಿಪ್ಪಾಣಿ ಕಡೆಯ ಭೋಜದಿಂದ ಬಂದವಳು. ಹೊರಗಿನವಳು ಎಂದರೆ ಆ ಮನೆಯಲ್ಲಿ ಅವಳೊಬ್ಬಳೇ. ರುಕ್ಮವ್ವ ತನ್ನ ಸೋದರಮಾವನನ್ನೇ ಮದುವೆಯಾದವಳು. ಹಿರಿಯ ಮಗ ವಿರುಪಾಕ್ಷಪ್ಪನಿಗೆ ತನ್ನ ತಮ್ಮನ ಮಗಳು ಭೀಮಾಬಾಯಿಯನ್ನು ತಂದುಕೊಂಡಳು. ಜೊತೆಗೇ ಇದ್ದ ಮೈದುನನ ಸಂಸಾರದಲ್ಲೂ ಎಲ್ಲ ಸೊಸೆಯರು ಸೋದರಿಕೆಯವರೇ. ಜಮೀನು ಹೊರಗೆ ಹೋಗಬಾರದು, ಹೊರಗಿನ ಮಾತು ಒಳಗೆ ಬರಬಾರದು ಎಂಬುದು ಲೆಕ್ಕ. ಕಿರಿಯ ಮಗ ಮುರಗೆಪ್ಪನ ಹೊತ್ತಿಗೆ ಮಾತ್ರ ಬಳಗದಲ್ಲಿ ವಯಸ್ಸಿಗೆ ಬಂದ ಹೆಣ್ಣು ಉಳಿದಿರಲಿಲ್ಲ.

ಬಂದ ಮೊದಲ ತಿಂಗಳಲ್ಲೇ ಗೌರಾಬಾಯಿ ಮೂಲಂಗಿಯ ಪಲ್ಲೆ ಬಾಯಿಗಿಟ್ಟು ಕಹಿ ಎಂದಿದ್ದಳು. ಇಡೀ ಪಂಕ್ತಿ ನಕ್ಕಿತ್ತು. ತವರಿನಲ್ಲಿ ಅವಳ ತಾಯಿ ಮೂಲಂಗಿಯನ್ನು ಮನೆಯೊಳಗೆ ತರುತ್ತಲೇ ಇರಲಿಲ್ಲ, ಅದು ಕಹಿಯೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ ಎಂದು ಅವಳು ತಿಳಿದಿದ್ದಳು. ಅಂದಿನಿಂದ ಅವಳ ಊಟ ರೊಟ್ಟಿ, ಹಿಂಡಿ ಎನ್ನುವ ಶೇಂಗಾ ಚಟ್ನಿಪುಡಿ, ಮೊಸರು ಉಳಿದಿದ್ದರೆ ಮೊಸರು. ಹೊಲದ ಕೆಲಸ ಉಳಿದವರಷ್ಟೇ. ಆರೋಗ್ಯ ಕೇಂದ್ರದ ನರ್ಸಬಾಯಿ ತೂಗಿದಾಗ ನಲವತ್ತೊಂದು ಕೆ.ಜಿ. ಇದ್ದಳು. ನೆಗೆಣ್ಣಿ ಭೀಮಾಬಾಯಿ ಎಪ್ಪತ್ತೆಂಟು. ಭಾವ ವಿರುಪಾಕ್ಷಪ್ಪ ತೊಂಬತ್ತಾರು.

ಮೈತುಂಬಿಕೊಂಡಿರುವುದೇ ಆ ಮನೆಯ ಮರ್ಯಾದೆ. ಇಪ್ಪತ್ತೆರಡು ಎಕರೆ ಕಬ್ಬು, ನಾಲ್ಕು ಎಕರೆ ದ್ರಾಕ್ಷಿ, ಐದು ಎಮ್ಮೆ ಇದ್ದ ಮನೆಯ ಸೊಸೆ ಬಾವಿಗೆ ಹೋದರೆ ಹಿಂದಿನಿಂದ ಮಾತು ಕೇಳಿಬರುತ್ತಿತ್ತು: ಅವರದು ಕಬ್ಬೇನೋ ದೊಡ್ಡದು, ಸೊಸೆ ಮಾತ್ರ ರವದಿ. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣಗರಿ ರವದಿ. ಈ ಮಾತು ಗೌರಾಬಾಯಿಗಿಂತ ರುಕ್ಮವ್ವನಿಗೆ ಹೆಚ್ಚು ಚುಚ್ಚುತ್ತಿತ್ತು. ಕೆಟ್ಟ ಹೆಂಗಸಲ್ಲ ಅವಳು. ಊರಲ್ಲಿ ಯಾರ ಮನೆಯಲ್ಲಿ ಬಾಣಂತಿ ಇದ್ದರೂ ತುಪ್ಪದ ತಂಬಿಗೆ ಕಳಿಸುವವಳು. ಹಾಕಿದ್ದನ್ನು ಉಣ್ಣದವರು ತನ್ನನ್ನೇ ಬೇಡವೆಂದರು ಎಂದು ತಿಳಿಯುವವಳು. ಸೊಸೆಯ ಹಟ ಮುರಿಯಲಾಗಲಿಲ್ಲ. ಮೊಮ್ಮಗಳ ಹಟ ಮುರಿಯಬಹುದು ಎಂದುಕೊಂಡಿದ್ದಳು.

ಬೇರೆ ಪಲ್ಲೆ ಮಾಡಿಕೊಂಡು ಉಣ್ಣಬಹುದಲ್ಲ ಎಂದರೆ, ಆ ಮನೆಯಲ್ಲಿ ಅದು ಸಾಧ್ಯವಿರಲಿಲ್ಲ. ಹತ್ತೊಂಬತ್ತು ಬಾಯಿಗೆ ಒಂದೇ ಒಲೆ, ಒಂದು ಹೊತ್ತಿಗೆ ಒಂದೇ ಪಲ್ಲೆ. ಆ ಸೀಮೆಯಲ್ಲಿ ಎರಡನೆಯ ಒಲೆ ಹೊತ್ತಿತೆಂದರೆ ಅಣ್ಣತಮ್ಮಂದಿರು ಬೇರೆಯಾದರು ಎಂದೇ ಅರ್ಥ. ಒಲೆ ಮೊದಲು, ಅದರ ಹಿಂದೆ ಜಮೀನಿನ ಲೆಕ್ಕ ಬರೆಯುವ ತಲಾಠಿ, ಅವನ ಹಿಂದೆ ಹೊಲ ಹಂಚುವ ಬಾಂದಿನ ಕಲ್ಲು. ಮೂರು ತಲೆಮಾರು ಒಡೆಯದ ಮನೆ ತಮ್ಮದು ಎಂದು ವಿರುಪಾಕ್ಷಪ್ಪ ರಾಯಬಾಗದ ಸಂತೆಯಲ್ಲೂ ಹೇಳಿಕೊಳ್ಳುತ್ತಿದ್ದ.

ಬೆರಳು ಕಚ್ಚಿಸಿಕೊಂಡ ಸಂಜೆ ರುಕ್ಮವ್ವ ಹಿರಿಯ ಮಗನೊಂದಿಗೆ ಕೂತು ನಿರ್ಧಾರ ಮಾಡಿದಳು. ಜನವರಿ ಏಳು, ಶನಿವಾರ, ಎಳ್ಳ ಅಮಾವಾಸ್ಯೆ. ಅಂದು ಬೆಳಿಗ್ಗೆ ಮಾಳಸಿದ್ದನನ್ನು ಕರೆಸಿ ಹುಡುಗಿಯ ಹೊಟ್ಟೆಗೆ ಬರೆ ಹಾಕಿಸುವುದು. ಮಾಳಸಿದ್ದ ಕುರಿ ಕಾಯುವ ಮನೆತನದವನು. ದನಕ್ಕೂ ಮಕ್ಕಳಿಗೂ ಬರೆ ಹಾಕುವುದು ಅವನ ಅಜ್ಜನ ಕಾಲದಿಂದ ಬಂದ ವಿದ್ಯೆ. ಉಣ್ಣದೆ ಸೊರಗುವ ಮಕ್ಕಳಿಗೆ ಹೊಕ್ಕುಳ ಸುತ್ತ ಮೂರು ಕಡೆ ಕಾಸಿದ ಅರಿಷಿಣ ಕೊಂಬನ್ನು ಒತ್ತುತ್ತಿದ್ದ. ಭೀಮಾಬಾಯಿಯ ಹಿರಿಯ ಮಗನ ಹೊಟ್ಟೆಯ ಮೇಲೆ ಅಂಥ ಮೂರು ಕಲೆಗಳಿದ್ದವು, ನಾಲ್ಕಾಣೆ ನಾಣ್ಯದಷ್ಟು ದೊಡ್ಡವು. ಹುಡುಗನ ಸ್ನಾನದ ಹೊತ್ತಿಗೆ ಗೌರಾಬಾಯಿ ಅವನ್ನು ಎಷ್ಟೋ ಸಲ ನೋಡಿದ್ದಳು.

ಅವಳು ಕೊಟ್ಟಿಗೆಗೆ ಹೋಗಿ ಗಂಡನಿಗೆ ಇದಾಗಕೂಡದು ಎಂದಳು. ಮುರಗೆಪ್ಪ ಎತ್ತಿನ ಬೆನ್ನು ತಿಕ್ಕುತ್ತಿದ್ದ. ಅವ್ವನ ಮುಂದೆ ತಾನೇನು ಹೇಳಲಿ ಎಂದ. ಬರೆಯಿಂದ ಯಾರೂ ಸತ್ತಿಲ್ಲ ಎಂದೂ ಹೇಳಿದ. ಗೌರಾಬಾಯಿ ಅವನನ್ನು ಮತ್ತೆ ಕೇಳಲಿಲ್ಲ.

ಹೊಸ ವರ್ಷದ ಮೊದಲ ದಿನ ರವಿವಾರ. ಅಂದು ಭೀಮಾಬಾಯಿಯ ತಮ್ಮ ತಾತ್ಯಾಸಾಹೇಬ ಅಕ್ಕನ ಮನೆಗೆ ಬಂದ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವನು. ರುಕ್ಮವ್ವನಿಗೆ ತಮ್ಮನ ಮಗ, ಅಂದರೆ ಅವನಿಗೆ ಅವಳು ಸೋದರತ್ತೆ. ಅವನ ಚೀಲದಲ್ಲಿ ಒಂದು ಡಬ್ಬಿ, ಡಬ್ಬಿಯಲ್ಲಿ ಬೆರಳುದ್ದದ ಕಾಗದದ ಪಟ್ಟಿಗಳು. ಅವಕ್ಕೆ ಒಂದು ಔಷಧ ಸವರಿದೆ, ನಾಲಿಗೆಯ ಮೇಲೆ ಇಟ್ಟುಕೊಂಡರೆ ಕೆಲವರಿಗೆ ಕಹಿ ತಿಳಿಯುತ್ತದೆ, ಕೆಲವರಿಗೆ ತಿಳಿಯುವುದಿಲ್ಲ, ಇದು ತಂದೆತಾಯಿಯಿಂದ ಬರುವ ಗುಣ ಎಂದ. ತನ್ನ ಅಧ್ಯಯನಕ್ಕೆ ಒಂದೇ ಬಳಗದಲ್ಲಿ ಮದುವೆ ಮಾಡಿಕೊಳ್ಳುತ್ತ ಬಂದ ಮನೆ ಬೇಕಾಗಿತ್ತು, ಇದಕ್ಕಿಂತ ಒಳ್ಳೆಯ ಮನೆ ಎಲ್ಲಿ ಸಿಗಬೇಕು ಎಂದು ನಕ್ಕ.

ಊಟವಾದ ಮೇಲೆ ಪಡಸಾಲೆಯಲ್ಲಿ ಎಲ್ಲರನ್ನೂ ಸಾಲಾಗಿ ಕೂಡಿಸಿದ. ಬಾಯಿ ಮುಕ್ಕಳಿಸಲು ಹೇಳಿದ. ಮೊದಲು ಬರೀ ಕಾಗದ ಕೊಟ್ಟ, ಆಮೇಲೆ ಔಷಧದ ಕಾಗದ. ರುಕ್ಮವ್ವ ಚಪ್ಪರಿಸಿ, ಕಾಗದದಲ್ಲಿ ಕಾಗದದ ರುಚಿಯೇ ಇರುತ್ತದೆ, ಇನ್ನೇನು ಇರುತ್ತದೆ ಎಂದಳು. ವಿರುಪಾಕ್ಷಪ್ಪನಿಗೆ ಏನೂ ತಿಳಿಯಲಿಲ್ಲ. ಭೀಮಾಬಾಯಿಗೆ ಇಲ್ಲ, ಮುರಗೆಪ್ಪನಿಗೆ ಇಲ್ಲ. ಪುಟ್ಟ ಭೀಮಸಿ ಕಾಗದವನ್ನು ಅಗಿದು ನುಂಗಿ ಇನ್ನೊಂದು ಕೊಡು ಎಂದ. ಹದಿನೇಳು ಮಂದಿಯದು ಮುಗಿಯಿತು, ಒಬ್ಬರಿಗೂ ಕಹಿ ತಿಳಿಯಲಿಲ್ಲ.

ಕೆಂಚವ್ವ ಹದಿನೆಂಟನೆಯವಳು. ಕಾಗದ ನಾಲಿಗೆಗೆ ತಾಗಿದ್ದೇ ಹುಡುಗಿಯ ಮುಖ ಹಿಂಡಿಹೋಯಿತು. ಉಗುಳಿ, ಅಳುತ್ತ ನೀರಿನ ಕೊಡದ ಹತ್ತಿರ ಓಡಿದಳು. ಕೊನೆಯದು ಅಡಿಗೆಮನೆಯ ಬಾಗಿಲ ಹಿಂದೆ ನಿಂತಿದ್ದ ಗೌರಾಬಾಯಿಗೆ. ಅವಳು ಉಗುಳಲಿಲ್ಲ. ಕಣ್ಣಲ್ಲಿ ನೀರು ಬಂದರೂ ಕಾಗದವನ್ನು ನಾಲಿಗೆಯ ಮೇಲೆಯೇ ಇಟ್ಟುಕೊಂಡು ನಿಂತಳು. ಹತ್ತು ವರ್ಷದಿಂದ ಅವಳು ಯಾವುದನ್ನು ಹೇಳಿ ನಗೆಗೀಡಾಗಿದ್ದಳೋ ಅದನ್ನು ಇವತ್ತು ಒಂದು ಕಾಗದ ಹೇಳುತ್ತಿತ್ತು.

"ಹೆಂಗೈತ್ರಿ ವೈನಿ?" ತಾತ್ಯಾಸಾಹೇಬ ಕೇಳಿದ.

"ಕೋಬಿ ಇದ್ಧಂಗ ಐತ್ರಿ," ಎಂದಳು. "ಹತ್ತ ಗಡ್ಡಿ ಕೋಬಿ ಹಿಂಡಿ ಒಂದ ಹನಿ ಮಾಡಿದ್ರ ಹೆಂಗಿರ್ತೈತಿ, ಹಂಗ."

ತಾತ್ಯಾಸಾಹೇಬನಿಗೆ ಖುಷಿಯಾಯಿತು. ಕೋಬಿ, ಮೂಲಂಗಿ, ಸಾಸಿವೆಯಲ್ಲಿ ಈ ಔಷಧದ ಜಾತಿಯದೇ ಪದಾರ್ಥಗಳಿವೆ ಎಂದ. ಮೆಂತ್ಯ, ಹಾಗಲಕಾಯಿಗಳ ಕಹಿ ಬೇರೆ ತರಹದ್ದು, ಅದನ್ನು ಈ ಕಾಗದದಿಂದ ಹೇಳಲಾಗುವುದಿಲ್ಲ ಎಂದೂ ಸೇರಿಸಿದ. ಕಹಿ ತಿಳಿಯದ ತಂದೆ, ಕಹಿ ತಿಳಿಯದ ತಾಯಿ, ಅವರಿಗೆ ಹುಟ್ಟಿದವರಿಗೂ ಬಹುಮಟ್ಟಿಗೆ ತಿಳಿಯುವುದಿಲ್ಲ. ಈ ಮನೆಯಲ್ಲಿ ಅಂಥವರನ್ನೇ ತಂದು ಅಂಥವರಿಗೇ ಕೊಡುತ್ತ ಬಂದಿದ್ದಾರೆ. ಗೌರಾಬಾಯಿ ಹೊರಗಿನಿಂದ ಆ ಗುಣ ತಂದಳು. ಅದು ಮಗಳಿಗೆ ಬಂತು, ಮಗನಿಗೆ ಬರಲಿಲ್ಲ. ನಾಟಕವೂ ಅಲ್ಲ, ಕಲಿಸಿದ್ದೂ ಅಲ್ಲ.

ಗೌರಾಬಾಯಿ ಬಾಗಿಲು ಹಿಡಿದುಕೊಂಡು ಕೇಳುತ್ತಿದ್ದಳು. ಇನ್ನು ಮಗಳ ಹೊಟ್ಟೆಗೆ ಯಾರೂ ಕೈ ಹಚ್ಚುವುದಿಲ್ಲ ಎಂದು ಅವಳಿಗೆ ಅನಿಸಿತು.

ರುಕ್ಮವ್ವ ಹಿಂದೆ ಮುಂದೆ ಯೋಚಿಸಿಯೇ ಮಾತಾಡುವವಳು.

"ಹತ್ತೊಂಬತ್ತ ಮಂದಿ ನೋಡಿದಿ. ಹದಿನೇಳು ನಾಲಿಗಿ ಒಂದ ಹೇಳ್ತಾವು, ಎರಡ ನಾಲಿಗಿ ಬ್ಯಾರೆ ಹೇಳ್ತಾವು. ಹೌದಿಲ್ಲೋ?"

"ಹೌದ ಅತ್ತಿ."

"ಹಂಗಾರ ಕೆಟ್ಟದ್ದು ಯಾವುದು? ನಾವು ಹೊಟ್ಟಿ ಕೆಟ್ಟೈತಿ ಅಂತ ತಿಳಕೊಂಡಿದ್ವಿ. ರೋಗ ನಾಲಿಗ್ಯಾಗ ಐತಿ. ಛಲೋ ಆತು ಹೇಳಿದಿ. ಹೊಟ್ಟಿಗಿ ಬರಿ ಹಾಕಿಸಿದ್ರ ವ್ಯರ್ಥ ಆಗ್ತಿತ್ತು."

ಮರುದಿನ ಬೆಳಗಾಗುವಷ್ಟರಲ್ಲಿ ಮಾಳಸಿದ್ದನಿಗೆ ಹೇಳಿಕಳಿಸಿಯೂ ಆಗಿತ್ತು. ಹೊಟ್ಟೆ ಬೇಡ, ನಾಲಿಗೆಗೆ. ಅದಕ್ಕೆ ಅರಿಷಿಣ ಕೊಂಬು ನಡೆಯುವುದಿಲ್ಲ, ಬಂಗಾರದ ಸೂಜಿ ಕಾಸಿ ನಾಲಿಗೆಯ ತುದಿಗೆ ಒಮ್ಮೆ ಮುಟ್ಟಿಸಬೇಕು ಎಂದು ಅವನು ಮರಳಿ ಹೇಳಿಕಳಿಸಿದ. ರುಕ್ಮವ್ವ ತನ್ನ ಪೆಟ್ಟಿಗೆಯಿಂದ ಹಳೆಯ ಬುಗುಡಿಯ ಸೂಜಿಯನ್ನು ತೆಗೆದಿಟ್ಟಳು.

ರಾತ್ರಿ ಅಲ್ಲೇ ಉಳಿದಿದ್ದ ತಾತ್ಯಾಸಾಹೇಬ ಗಾಬರಿಬಿದ್ದ. ಅತ್ತೆಗೆ ಎರಡು ಸಲ ವಿವರಿಸಿದ. ಹೊರಗೆ ನೂರು ಮಂದಿಯನ್ನು ನೋಡಿದರೆ ಅರವತ್ತು, ಎಪ್ಪತ್ತು ಮಂದಿಗೆ ಈ ಕಹಿ ತಿಳಿಯುತ್ತದೆ, ವಿಚಿತ್ರವಾದದ್ದು ಈ ಮನೆಯೇ ಎಂದ. ತನ್ನ ಮನೆಯನ್ನು ವಿಚಿತ್ರವೆಂದದ್ದು ರುಕ್ಮವ್ವನಿಗೆ ಸೇರಲಿಲ್ಲ. ನೀನು ಕಾಲೇಜಿನಲ್ಲಿ ಕಲಿಸು, ಮನೆಯಲ್ಲಿ ನಾನು ಕಲಿಸುತ್ತೇನೆ ಎಂದು ಮಾತು ಮುಗಿಸಿದಳು.

ಬಸ್ಸಿಗೆ ಹೊರಡುವ ಮುಂಚೆ ಅವನು ಅಂಗಳದಲ್ಲಿ ಚಹ ಕುಡಿಯುತ್ತ ಕೂತಿದ್ದಾಗ ಗೌರಾಬಾಯಿ ಎದುರಿಗೆ ಬಂದು ನಿಂತಳು. ತನ್ನ ಮೈ ಸಣ್ಣಗಿರುವುದೂ ಇವರ ಮೈ ದಪ್ಪಗಿರುವುದೂ ಈ ನಾಲಿಗೆಯಿಂದಲೇ ಬಂದದ್ದೇ ಎಂದು ಕೇಳಿದಳು. ಅವನು ಯೋಚಿಸಿ ಉತ್ತರ ಕೊಟ್ಟ. ಇಪ್ಪತ್ತು, ಇಪ್ಪತ್ತೈದು ವರ್ಷದ ಹಿಂದೆ ಪರದೇಶದಲ್ಲಿ ಕೆಲವರು ಹಾಗೆ ಬರೆದಿದ್ದಾರೆ. ಕಹಿ ಹೆಚ್ಚು ತಿಳಿಯುವವರಿಗೆ ಒಲ್ಲದ ಪದಾರ್ಥಗಳು ಹೆಚ್ಚು, ಮೈಯೂ ಸಣ್ಣ ಎಂದು. ಬೇರೆಯವರು ನೋಡಿದರೆ ಅಷ್ಟು ಸ್ಪಷ್ಟವಾಗಿ ಕಂಡಿಲ್ಲ. ಇರಬಹುದು ಎನ್ನಬಹುದೇ ಹೊರತು ಖಾತ್ರಿ ಹೇಳಲಾಗುವುದಿಲ್ಲ.

"ನಮ್ಮ ಅಕ್ಕನ ಮೈಗಿ ನಾಲಿಗಿ ಒಂದ ಕಾರಣ ಅಲ್ಲರಿ ವೈನಿ," ಎಂದು ದನಿ ತಗ್ಗಿಸಿದ. "ಐದ ಎಮ್ಮಿ ಹೈನಾನೂ ಕಾರಣ ಐತಿ."

ಗೌರಾಬಾಯಿ ನಗಲಿಲ್ಲ. ಕಾಗದ ಉಳಿದಿವೆಯೇ ಎಂದು ಕೇಳಿದಳು. ಮೂವತ್ತೈದೋ ನಲವತ್ತೋ ಇದ್ದವು, ವಿದ್ಯಾರ್ಥಿಗಳ ಪ್ರಯೋಗಕ್ಕೆ ಬೇಕು ಎಂದ. ಅವಳು ಕೈ ಚಾಚಿಯೇ ನಿಂತಿದ್ದಳು. ಅವನು ಡಬ್ಬಿ ಕೊಟ್ಟ. ಕೊಡುವಾಗ, ನನಗೂ ಇದು ಬರೀ ಕಾಗದವೇ, ಒಂಬತ್ತು ವರ್ಷದಿಂದ ಹುಡುಗರ ಮುಖ ನೋಡಿ ನಂಬಿ ಪಾಠ ಮಾಡುತ್ತಿದ್ದೇನೆ ಎಂದ. ಅತ್ತೆಗೆ ಇನ್ನೊಮ್ಮೆ ಹೇಳಿಹೋಗುವ ಧೈರ್ಯ ಅವನಿಗೆ ಬರಲಿಲ್ಲ. ಎಂಟೂವರೆಯ ಬಸ್ಸಿಗೆ ಹೋದ.

ಬುಧವಾರ ಗೌರಾಬಾಯಿ ಜೋಳದ ಬುಟ್ಟಿ ಹೊತ್ತು ಸತ್ಯಪ್ಪನ ಹಿಟ್ಟಿನ ಗಿರಣಿಗೆ ಹೋದಳು. ಅಮಾವಾಸ್ಯೆಯ ವಾರ, ಊರಿನ ಅರ್ಧ ಹೆಂಗಸರು ಅಲ್ಲಿ ಬುಟ್ಟಿ ಇಟ್ಟು ಕೂತಿದ್ದರು. ಕರೆಂಟು ಹೋಗಿತ್ತು, ಬರುವ ತನಕ ಯಾರಿಗೂ ಕೆಲಸವಿರಲಿಲ್ಲ. ಅವಳು ಡಬ್ಬಿ ತೆಗೆದು, ಇದನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಹೇಗಿದೆ ಹೇಳಿರಿ ಎಂದಳು. ಯಾರೂ ಮುಂದೆ ಬರಲಿಲ್ಲ. ದೊಡ್ಡ ಮನೆಯ ಸಣ್ಣ ಸೊಸೆ ಮಾಟ ಕಲಿತಳೇನು ಎಂದು ಒಬ್ಬಳು ಕೇಳಿದಳು. ಗೌರಾಬಾಯಿ ತಾನೇ ಒಂದನ್ನು ಬಾಯಿಗಿಟ್ಟುಕೊಂಡು ತೋರಿಸಿದಳು. ಆಮೇಲೆ ಯಾಕೆ ಬೇಕಾಗಿದೆ ಎಂಬುದನ್ನು ಮುಚ್ಚಿಡದೆ ಹೇಳಿದಳು. ಶನಿವಾರ ತನ್ನ ಮಗಳ ನಾಲಿಗೆಗೆ ಸೂಜಿ ಮುಟ್ಟಿಸುತ್ತಾರೆ. ಕಹಿ ತಿಳಿಯುವುದು ರೋಗವೋ ಅಲ್ಲವೋ ಊರೇ ಹೇಳಲಿ.

ಮನೆಯ ಮಾತನ್ನು ಗಿರಣಿಯಲ್ಲಿ ಆಡುವ ಸೊಸೆಯನ್ನು ಆ ಊರು ನೋಡಿರಲಿಲ್ಲ. ಆಡು ಸಾಕಿಕೊಂಡಿದ್ದ ಲಗಮವ್ವ ಎಲ್ಲರಿಗಿಂತ ಮೊದಲು ಕೈ ಚಾಚಿದಳು. ಕಾಗದ ಬಾಯಿಗಿಟ್ಟು, ಗಿರಣಿಯ ಕಟ್ಟೆಯಿಂದಾಚೆ ಉಗುಳಿದಳು.

"ಯವ್ವಾ, ಬೇವ ಛಲೋ ಇದಕ್ಕಿಂತ," ಎಂದಳು. "ನಿಮ್ಮ ಮನ್ಯಾಗ ಕಹಿ ಅನ್ನಾಕ ಪಲ್ಲೆರೆ ಐತಿ. ನಮ್ಮಂತಾವ್ರು ಕಹಿ ಐತಿ ಅಂತ ಬಿಟ್ರ ಉಣ್ಣೂದೇನು? ಅದಕ್ಕ ನಮಗ ಯಾರೂ ರೋಗ ಅನ್ನಲಿಲ್ಲ ನೋಡ."

ನಗೆಯೆದ್ದಿತು. ಅಲ್ಲಿಂದ ಒಬ್ಬರ ಹಿಂದೆ ಒಬ್ಬರು ಬಂದರು. ಗಿರಣಿಯ ಸತ್ಯಪ್ಪ ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಎರಡು ಸಾಲು ಗೀಟು ಎಳೆಯುತ್ತ ಹೋದ. ಉಗುಳಿದವರದು ಒಂದು, ಏನೂ ಇಲ್ಲ ಎಂದವರದು ಇನ್ನೊಂದು. ಮೂವತ್ತೊಂದು ಹೆಂಗಸರಲ್ಲಿ ಇಪ್ಪತ್ತೆರಡು ಮಂದಿಗೆ ಕಹಿ, ಒಂಬತ್ತು ಮಂದಿಗೆ ಇಲ್ಲ. ಉಗುಳಿದವರಲ್ಲಿ ದಪ್ಪಗಿದ್ದವರೂ ಇದ್ದರು, ಇಲ್ಲ ಎಂದವರಲ್ಲಿ ಕಡ್ಡಿಯಂಥವರೂ ಇದ್ದರು. ಗೌರಾಬಾಯಿ ಅದನ್ನೂ ಗಮನಿಸಿದಳು. ತಾತ್ಯಾಸಾಹೇಬ ಖಾತ್ರಿ ಇಲ್ಲ ಎಂದದ್ದು ಅವಳಿಗೆ ಈಗ ತಿಳಿಯಿತು.

ಅವಳು ಹಿಟ್ಟು ಹೊತ್ತು ಬರುವ ಮುಂಚೆಯೇ ಸುದ್ದಿ ಮನೆಗೆ ಮುಟ್ಟಿತ್ತು. ಮಾನ ಕಳೆದಳೆಂದು ವಿರುಪಾಕ್ಷಪ್ಪ ಪಡಸಾಲೆಯಲ್ಲಿ ಕೂಗಾಡಿದ. ತಮ್ಮನ ಹೆಂಡತಿಯ ಜೊತೆ ನೇರ ಮಾತಾಡುವ ರೂಢಿ ಇಲ್ಲದ್ದರಿಂದ ಗೋಡೆಗೆ ಕೂಗಿದ. ರುಕ್ಮವ್ವ ಒಂದೇ ಮಾತಾಡಿದಳು. ಊರಿನ ನಾಲಿಗೆ ಊರಿಗೆ, ನಮ್ಮ ಮನೆಯಲ್ಲಿ ನಮ್ಮ ನಾಲಿಗೆ.

ಶನಿವಾರ ಬಿಸಿಲು ಏರುವ ಮುಂಚೆ ಮಾಳಸಿದ್ದ ಬಂದ. ಅಂಗಳದಲ್ಲಿ ಒಡೆದ ಹಂಚೊಂದರಲ್ಲಿ ಕೆಂಡ ತುಂಬಿಸಿದ. ಬೀದಿಯಲ್ಲಿ ಹೊಲಕ್ಕೆ ಹೊರಟ ಗಾಡಿಗಳು, ಹೊಲಕ್ಕೆ ಚೆಲ್ಲುವ ಚರಗದ ಬುಟ್ಟಿ ಹೊತ್ತ ಹೆಂಗಸರು. ಒಳಗೆ ಹಬ್ಬದ ಅಡಿಗೆಯಾಗಿತ್ತು, ಅದರಲ್ಲೂ ಕೋಬಿ ಇತ್ತು. ರುಕ್ಮವ್ವ ಸೂಜಿ ತಂದು ಕೊಟ್ಟಳು. ಮಾಳಸಿದ್ದ ಅದನ್ನು ಇಕ್ಕಳದಲ್ಲಿ ಹಿಡಿದು ಕೆಂಡದ ಮೇಲೆ ಇಟ್ಟ. ಮೋಸಗಾರನಲ್ಲ ಅವನು. ಕೆಲಸ ಮುಗಿಯುವ ತನಕ ನೀರೂ ಕುಡಿಯುವುದಿಲ್ಲ ಎಂಬ ವ್ರತ ಇದ್ದವನು.

ಗೌರಾಬಾಯಿ ಮಗಳನ್ನು ಬೆನ್ನ ಹಿಂದೆ ನಿಲ್ಲಿಸಿಕೊಂಡು ಮೆಟ್ಟಿಲಿಳಿದು ಬಂದಳು. ಡಬ್ಬಿಯಲ್ಲಿ ಉಳಿದಿದ್ದ ಕಾಗದಗಳಲ್ಲಿ ಒಂದನ್ನು ಅವನ ಮುಂದೆ ಹಿಡಿದಳು. ಇದೇನು ಎಂದ. ರೋಗ ನೋಡುವ ಕಾಗದ, ಇದರಿಂದಲೇ ನನ್ನ ಮಗಳ ರೋಗ ತಿಳಿದದ್ದು, ಬರೆ ಹಾಕುವ ಮುಂಚೆ ನೀನೂ ನೋಡಬೇಕು ಎಂದಳು. ಅವನ ವ್ರತದ ಪ್ರಕಾರ ನೀರು ಕುಡಿಯುವಂತಿಲ್ಲ, ಕಾಗದ ಬಾಯಿಗಿಟ್ಟುಕೊಳ್ಳಬಾರದೆಂದು ಎಲ್ಲೂ ಹೇಳಿಲ್ಲವಲ್ಲ. ಮಾಳಸಿದ್ದ ಅದನ್ನು ನಾಲಿಗೆಯ ಮೇಲೆ ಇಟ್ಟುಕೊಂಡ.

ಅವನು ಕೆಮ್ಮಿದ. ತುಟಿ ಸೊಟ್ಟಗಾಯಿತು. ಅಂಗಳದ ಮೂಲೆಗೆ ಹೋಗಿ ಮೂರು ಸಲ ಉಗುಳಿ, ಮೀಸೆ ಒರೆಸಿಕೊಂಡು ಬಂದ.

"ನಿನಗೂ ಐತಿ," ಎಂದಳು ಗೌರಾಬಾಯಿ. "ಸೂಜಿ ಕಾದೈತಿ. ಮೊದ್ಲ ನಿನ್ನ ನಾಲಿಗಿಗಿ ಮುಟ್ಟಿಸಿಕೊ. ನಿನಗ ಆರಾಮ ಆದ್ರ ನನ್ನ ಮಗಳನ ನಾನ ಹಿಡಕೊಂಡ ಕುಂಡರ್ತೇನಿ."

ಗಾಡಿಯೊಂದು ಬೀದಿಯಲ್ಲಿ ನಿಂತಿತು. ಮಾಳಸಿದ್ದ ಕೆಂಡವನ್ನು ನೋಡಿದ, ರುಕ್ಮವ್ವನನ್ನು ನೋಡಿದ. ಐವತ್ತೆಂಟು ವರ್ಷ ಈ ನಾಲಿಗೆಯಿಂದಲೇ ಉಂಡಿದ್ದೇನೆ, ಇದು ರೋಗವೆಂದು ನನಗೆ ತಿಳಿಯುವುದಿಲ್ಲ, ತಿಳಿಯದ್ದಕ್ಕೆ ಬರೆ ಹಾಕುವುದು ನನ್ನ ಅಜ್ಜ ಕಲಿಸಿಲ್ಲ ಎಂದ. ಸೂಜಿಯನ್ನು ಮೆಟ್ಟಿಲ ಮೇಲಿಟ್ಟು, ಕಂಬಳಿ ಹೊದ್ದು ನಡೆದ.

ಗೌರಾಬಾಯಿ ಗೆದ್ದಳೆಂದು ಬೀದಿಯವರು ತಿಳಿದಿರಬೇಕು. ರುಕ್ಮವ್ವ ಹಾಗೆ ತಿಳಿಯಲಿಲ್ಲ. ಬರೆ ಇರಲಿ ಬಿಡಲಿ, ಈ ಮನೆಯಲ್ಲಿ ಒಲೆ ಒಂದೇ, ಪಲ್ಲೆ ಒಂದೇ ಎಂದಳು. ಇವತ್ತಿನಿಂದ ಹುಡುಗಿಗೆ ಮೊಸರಿಲ್ಲ, ಹಿಂಡಿ ಇಲ್ಲ, ಬರೀ ರೊಟ್ಟಿಯೂ ಇಲ್ಲ. ಎಲ್ಲರೂ ಉಣ್ಣುವುದನ್ನು ಉಂಡ ದಿನವೇ ಉಳಿದದ್ದೆಲ್ಲ ಸಿಗುತ್ತದೆ. ಹಸಿವು ಎಂಥ ನಾಲಿಗೆಯನ್ನೂ ಸರಿಮಾಡುತ್ತದೆ.

ಸೂಜಿಗಿಂತ ಇದು ಕೆಟ್ಟದ್ದು ಎಂದು ಗೌರಾಬಾಯಿಗೆ ತಿಳಿಯಿತು. ಸೂಜಿ ಒಮ್ಮೆ. ಇದು ದಿನಕ್ಕೆರಡು ಹೊತ್ತು, ಹುಡುಗಿ ಮದುವೆಯಾಗಿ ಹೋಗುವ ತನಕ.

ಅವಳು ಕೊಟ್ಟಿಗೆಯ ಗೋಡೆಯ ಪಕ್ಕದಿಂದ ಮೂರು ಕಲ್ಲು ಎತ್ತಿ ತಂದಳು. ದೊಡ್ಡ ಬಾಗಿಲಿನ ಎದುರು, ಬೀದಿಗೆ ಕಾಣುವ ಹಾಗೆ, ಇಟ್ಟಳು. ಮಾಳಸಿದ್ದ ಬಿಟ್ಟುಹೋದ ಕೆಂಡವನ್ನು ಅವುಗಳ ನಡುವೆ ಸುರುವಿ, ಮೇಲೆ ರವದಿ ಹಾಕಿ ಊದಿದಳು. ಉರಿ ಹತ್ತಿತು. ಒಳಗೆ ಹೋಗಿ ರೊಟ್ಟಿಯ ಹಂಚು, ಬುಧವಾರ ತಾನೇ ಹೊತ್ತು ತಂದ ಹಿಟ್ಟು, ನಾಲ್ಕು ಬದನೆಕಾಯಿ ತಂದಳು. ಯಾರೂ ತಡೆಯಲಿಲ್ಲ. ಎರಡನೆಯ ಒಲೆಯನ್ನು ಆ ಅಂಗಳದಲ್ಲಿ ಯಾರೂ ನೋಡಿರಲಿಲ್ಲ, ತಡೆಯುವುದು ಹೇಗೆಂದೂ ಗೊತ್ತಿರಲಿಲ್ಲ.

ಬೀದಿಯಲ್ಲಿ ಎರಡನೆಯ ಗಾಡಿ ನಿಂತಿತು, ಮೂರನೆಯದು ನಿಂತಿತು. ಯಾವಾಗ ಬೇರೆಯಾದಿರಿ ವಿರುಪಾಕ್ಷಪ್ಪಾ ಎಂದು ಗಾಡಿಯ ಮೇಲಿಂದ ಯಾರೋ ಕೇಳಿದರು. ವಿರುಪಾಕ್ಷಪ್ಪ ಧೋತರ ಎತ್ತಿಕೊಂಡು ಹೊರಗೆ ಬಂದ. ಮುಖ ಕಪ್ಪಿಟ್ಟಿತ್ತು. ಅವ್ವಾ, ಆ ಒಲೆ ಆರಿಸಲು ಹೇಳು ಎಂದ ತಾಯಿಗೆ.

ಗೌರಾಬಾಯಿ ಹತ್ತು ವರ್ಷದಲ್ಲಿ ಮೊದಲ ಸಲ ಭಾವನ ಮುಖ ನೋಡಿ ಮಾತಾಡಿದಳು.

"ನನಗ ಹೇಳ್ರಿ ಭಾವಾರ, ನಾ ಇಲ್ಲೇ ಅದೇನಿ. ನಿಮ್ಮ ಜಮೀನದಾಗ ನನಗ ಒಂದ ಗೇಣ ಬ್ಯಾಡ. ಮನಿನೂ ಒಡ್ಯಾಂಗಿಲ್ಲ. ನನ್ನ ಮಗಳ ಉಣ್ಣಾಕ ಒಂದ ಒಲಿ, ಅಷ್ಟ. ಆರಸೂದಿದ್ರ ನೀವ ನೀರ ಹಾಕಿ ಆರಸ್ರಿ. ಇವತ್ತ ಅಮಾಸಿ. ಎಲ್ಲಾರೂ ನೋಡ್ಲಿ."

ಉರಿಯುವ ಒಲೆಗೆ ನೀರು ಹಾಕುವುದು, ಅದೂ ಅಮಾವಾಸ್ಯೆಯ ದಿನ, ಆ ಮನೆಯಲ್ಲಿ ಯಾರ ಕೈಯಿಂದಲೂ ಆಗುವ ಕೆಲಸವಾಗಿರಲಿಲ್ಲ. ವಿರುಪಾಕ್ಷಪ್ಪ ಕೊಡದ ಕಡೆ ನೋಡಿದ, ಹೋಗಲಿಲ್ಲ. ದನಿ ಇಳಿಸಿ, ಹಿತ್ತಲಿಗೆ ಹೋಗಿ ಹಚ್ಚಿಕೋ, ಯಾರೂ ಕೇಳುವುದಿಲ್ಲ ಎಂದ. ಈ ಸಲ ಅವಳಿಗೇ ಹೇಳಿದ. ಹಿತ್ತಲಿನ ಒಲೆ ಕಳ್ಳ ಒಲೆಯಾಗುತ್ತದೆ, ಇದು ಇಲ್ಲೇ ಇರುತ್ತದೆ ಎಂದು ಅವಳು ಹಿಟ್ಟಿಗೆ ಬಿಸಿನೀರು ಹಾಕಿ ನಾದತೊಡಗಿದಳು.

ಗಾಡಿಗಳು ಕದಲಲಿಲ್ಲ. ಉತ್ತರ ಕೊಡದೆ ವಿರುಪಾಕ್ಷಪ್ಪನಿಗೆ ಬೇರೆ ದಾರಿ ಇರಲಿಲ್ಲ. ಬಾಗಿಲಿಗೆ ಹೋಗಿ, ಬೀದಿಯವರಿಗೆ ಕೇಳುವ ಹಾಗೆ ಹೇಳಿದ.

"ಯಾರೂ ಬ್ಯಾರೆ ಆಗಿಲ್ಲಪಾ. ಹುಡುಗಿಗಿ ಆರಾಮಿಲ್ಲ. ಪಥ್ಯೇದ ಅಡಗಿ ಅದು."

ಅದು ಒಳ್ಳೆಯ ಉತ್ತರ. ಮನೆಯೂ ಉಳಿಯುತ್ತಿತ್ತು, ಒಲೆಯೂ ಉಳಿಯುತ್ತಿತ್ತು. ಗೌರಾಬಾಯಿ ಸುಮ್ಮನಿದ್ದಿದ್ದರೆ ಆ ಮಾತಿನ ನೆರಳಲ್ಲಿ ಹತ್ತು ವರ್ಷ ಅಡಿಗೆ ಮಾಡಬಹುದಾಗಿತ್ತು. ಅವಳು ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಮೇಲೆ ನೀರು ಸವರಿ, ಎದ್ದು ನಿಂತಳು.

"ಪಥ್ಯೇ ಅಲ್ಲರಿ," ಎಂದಳು, ಬೀದಿಗೆ. "ನನ್ನ ಮಗಳ ಆರಾಮ ಅದಾಳು. ಇಕಿಗಿ ಕೋಬಿ ಕಹಿ ಹತ್ತತೈತಿ. ನನಗೂ ಹತ್ತತೈತಿ."

ಮೂರನೆಯ ಗಾಡಿಯಲ್ಲಿ ಕೂತಿದ್ದ ಲಗಮವ್ವ, ನನಗೂ ಎಂದಳು. ಯಾರೂ ನಗಲಿಲ್ಲ. ಎತ್ತುಗಳು ತಲೆ ಕೊಡವಿದವು, ಗಾಡಿಗಳು ಒಂದೊಂದಾಗಿ ಹೊಲದ ಹಾದಿ ಹಿಡಿದವು. ವಿರುಪಾಕ್ಷಪ್ಪ ಒಳಗೆ ಹೋದ. ಮುರಗೆಪ್ಪ ಕೊಟ್ಟಿಗೆಯ ಬಾಗಿಲಲ್ಲಿ ನೊಗ ಹಿಡಿದುಕೊಂಡು ನಿಂತೇ ಇದ್ದ. ಗೌರಾಬಾಯಿ ಅವನನ್ನು ಕರೆಯಲಿಲ್ಲ.

ಕೆಂಚವ್ವ ಮೆಟ್ಟಿಲ ಮೇಲೆ ಗಂಗಾಳ ಇಟ್ಟುಕೊಂಡು ಕೂತಳು. ಸುಟ್ಟ ಬದನೆಕಾಯಿಯನ್ನು ರೊಟ್ಟಿಯಲ್ಲಿ ಒತ್ತಿ ಒಂದು ಪೂರ್ತಿ ಉಂಡಳು, ಎರಡನೆಯದರಲ್ಲಿ ಅರ್ಧ ಉಂಡಳು. ರುಕ್ಮವ್ವ ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಮೊಮ್ಮಗಳ ದವಡೆ ಆಡುವುದನ್ನೇ ನೋಡುತ್ತಿದ್ದಳು. ಅವಳ ಕೈ ಅಭ್ಯಾಸಬಲದಿಂದ ತುಪ್ಪದ ಗಿಂಡಿಯ ಮೇಲಿತ್ತು. ಕೊಡಬೇಕೋ ಬಾರದೋ ಎಂಬುದು ಅವಳಿಗೆ ಬಗೆಹರಿಯಲಿಲ್ಲ, ಸೊಸೆ ಕೇಳಲೂ ಇಲ್ಲ.

ಇನ್ನೊಂದು ಬೇಕು ಎಂದಳು ಹುಡುಗಿ. ಗೌರಾಬಾಯಿ ಒಲೆಗೆ ರವದಿ ಒಟ್ಟಿ, ಹಿಟ್ಟಿನ ಮತ್ತೊಂದು ಉಂಡೆ ಮುರಿದು ತಟ್ಟತೊಡಗಿದಳು.